ಮೈಸೂರು ದಶಪಥದಲ್ಲಿ ಸಾವು ಇಳಿದದ್ದು ಕ್ಯಾಮೆರಾದಿಂದಲೇ? ಹಾಗಾದರೆ ಉಳಿದ ರಸ್ತೆಗಳಿಗೆ ಏನು ಬೇಕು?

ಮಂಡ್ಯ ಓಡಾಟ:
ವಾರಕ್ಕೆ ನಾಲ್ಕು ದಿನ ಮಂಡ್ಯದಿಂದ ಬೆಂಗಳೂರಿಗೆ ಕಾರಿನಲ್ಲಿ ಹೋಗಿ ಬರುವವನು ನಾನು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆ ಆದಾಗಿನಿಂದ ಈ ರಸ್ತೆ ನೋಡ್ತಾ ಇದ್ದೇನೆ. ಆ ಬೇಸಿಗೆಯನ್ನು ಮರೆಯೋಕಾಗಲ್ಲ. ಎಡಗಡೆ ಹಿಂದೆ ಮುಂದೆ ಮಕ್ಕಳನ್ನು ಕೂರಿಸಿಕೊಂಡ ಬೈಕು, ಬಲಗಡೆ 150ರಲ್ಲಿ ಹೋಗೋ ಕಾರು, ಬೇಲಿ ಸಂದಿಯಲ್ಲಿ ದಾಟೋಕೆ ಕಾಯ್ತಾ ನಿಂತ ಜನ. ಮೇ ತಿಂಗಳೊಂದರಲ್ಲೇ 29 ಜನ ಹೋದರು. ಇಡೀ ವರ್ಷಕ್ಕೆ 188. ಮರುವರ್ಷ, 2024ರಲ್ಲಿ, ಅದು 50ರ ಆಸುಪಾಸಿಗೆ ಇಳಿಯಿತು ಅಂತ ಪೊಲೀಸರ ಲೆಕ್ಕ.

ಈಗ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತೆ, ವೇಗ ಅಳೆಯುತ್ತೆ, ಮೊಬೈಲಿಗೆ ಚಲನ್ ಬರುತ್ತೆ. ನನಗೂ ಒಂದು ಬಂತು, ಕಟ್ಟಿದೆ. ಅಲ್ಲಿಂದೀಚೆಗೆ ನೂರು ದಾಟಿಲ್ಲ, ಮನೆಗೆ ಹೆಚ್ಚೆಂದರೆ ಹತ್ತು ನಿಮಿಷ ತಡ ಆಗಿರಬಹುದು ಅಷ್ಟೆ.

ನಿನ್ನೆ ಊಟಕ್ಕೆ ಕೂತಾಗ ನಮ್ಮ ಭಾವನವರ ಜೊತೆ ಇದೇ ವಾದ. ಅವರ ಪ್ರಕಾರ ಇದೆಲ್ಲ ದಂಡ ವಸೂಲಿಗೆ ಮಾಡಿಕೊಂಡ ದಾರಿ. ನಾನು ಹೇಳೋದು, ಒಂದು ರಸ್ತೆಯಲ್ಲಿ ನೂರಕ್ಕೂ ಹೆಚ್ಚು ಜೀವ ಉಳೀತು ಅಂದಮೇಲೆ ತುಮಕೂರು ರಸ್ತೆ, ಹಾಸನ ರಸ್ತೆ, ಬಳ್ಳಾರಿ ರಸ್ತೆ ಎಲ್ಲಕ್ಕೂ ಇದನ್ನೇ ಹಾಕಬೇಕು. ನೀವೆಲ್ಲ ಏನಂತೀರಿ?

ಲೆಕ್ಕದ ಮೇಷ್ಟ್ರು:
ನಿಮ್ಮ ಕಾಳಜಿ ಸರಿಯಾಗಿಯೇ ಇದೆ. ಆದರೆ ಲೆಕ್ಕದಲ್ಲಿ ಒಂದು ಹೆಜ್ಜೆ ಬಿಟ್ಟಿದ್ದೀರಿ. 2023ರ ಆಗಸ್ಟ್ 1ರಿಂದ ಆ ಮುಖ್ಯರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರು ಬರುವಂತಿಲ್ಲ. ಅತಿ ಹೆಚ್ಚು ಸಾಯುವವರೇ ಬೈಕಿನವರು. ಅವರನ್ನು ರಸ್ತೆಯಿಂದ ಹೊರಗೆ ಕಳಿಸಿದ ಮೇಲೆ ಸಾವು ಇಳಿಯದೆ ಏನಾಗುತ್ತದೆ? ಅವರು ಈಗ ಪಕ್ಕದ ಸರ್ವಿಸ್ ರಸ್ತೆಯಲ್ಲಿದ್ದಾರೆ. ಅಲ್ಲಿ ಸತ್ತವರನ್ನೂ ಕೂಡಿಸಿ ಆಮೇಲೆ ಕ್ಯಾಮೆರಾಕ್ಕೆ ಅಂಕ ಕೊಡಿ. ಕ್ಯಾಮೆರಾ ಜಾಲ ಪೂರ್ತಿ ಕೆಲಸಕ್ಕೆ ಬಂದದ್ದು 2024ರಲ್ಲಿ ಎಂಬುದೂ ನೆನಪಿರಲಿ.

ಮಂಡ್ಯ ಓಡಾಟ:
ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ಆದರೆ ಜುಲೈ ನೋಡಿ. ಮೇನಲ್ಲಿ 29, ಜೂನ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಜುಲೈ ಮೊದಲ ವಾರದಿಂದ ಪೊಲೀಸರು ವೇಗ ಅಳೆಯೋ ರಾಡಾರ್ ಗನ್ ಹಿಡಿದು, ವೇಗ ಮೀರಿದವರನ್ನು ಹಿಡಿಯೋ ಇಂಟರ್‌ಸೆಪ್ಟರ್ ಗಾಡಿ ಜೊತೆ ರಸ್ತೆಗಿಳಿದರು. ಆ ತಿಂಗಳ ಸಾವು ಒಂದಂಕಿಗೆ ಬಂತು. ಬೈಕು ನಿಷೇಧ ಆಗಿನ್ನೂ ಜಾರಿಯಾಗಿರಲಿಲ್ಲ.

ಲೆಕ್ಕದ ಮೇಷ್ಟ್ರು:
ಒಪ್ಪಿದೆ. ಜುಲೈ ನನ್ನ ಗಮನಕ್ಕೆ ಬಂದಿರಲಿಲ್ಲ. ವೇಗಕ್ಕೆ ಕಡಿವಾಣ ಬಿದ್ದದ್ದರಿಂದಲೇ ಮೊದಲು ಇಳಿಯಿತು ಎಂಬುದು ಸರಿ. ಹಾಗಾದರೆ ಇನ್ನೊಂದನ್ನೂ ನೀವು ಒಪ್ಪಬೇಕು: ಅದನ್ನು ಮಾಡಿದ್ದು ಕ್ಯಾಮೆರಾದ ಕೃತಕ ಬುದ್ಧಿಮತ್ತೆಯಲ್ಲ, ಗನ್ ಹಿಡಿದು ಬಿಸಿಲಲ್ಲಿ ನಿಂತ ಕಾನ್‌ಸ್ಟೆಬಲ್. ಸಿಕ್ಕಿಬೀಳುತ್ತೇನೆ ಎಂಬ ಭಯ. ಆ ಭಯ ಉಳಿಯಬೇಕಾದರೆ ಎರಡು ಕೆಲಸ ಆಗಬೇಕು.

ಒಂದು, ಕ್ಯಾಮೆರಾ ಕಂಬ ಕಂಡ ತಕ್ಷಣ ಬ್ರೇಕ್ ಒತ್ತಿ, ದಾಟಿದ ಮೇಲೆ ಮತ್ತೆ 140ಕ್ಕೆ ಹೋಗುವವರಿದ್ದಾರೆ. ಆ ಹಠಾತ್ ಬ್ರೇಕೇ ಹಿಂದಿನವನಿಗೆ ಅಪಾಯ. ಇದಕ್ಕೆ ಸರಾಸರಿ ವೇಗ ಹಿಡಿಯುವುದೇ ಮದ್ದು. ಎರಡು ಕ್ಯಾಮೆರಾ ನಡುವೆ 30 ಕಿ.ಮೀ. ಇದೆ ಎಂದುಕೊಳ್ಳಿ. ಒಂದರ ಕೆಳಗೆ 7:00ಕ್ಕೆ ಹಾದ ಗಾಡಿ ಇನ್ನೊಂದರ ಕೆಳಗೆ 7:15ಕ್ಕೆ ಹಾದರೆ ಅದರ ಸರಾಸರಿ 120. ನಡುವೆ ಎಲ್ಲಿ ಬ್ರೇಕ್ ಹಾಕಿದ, ಎಲ್ಲಿ ಓಡಿಸಿದ ಎಂಬುದು ಬೇಕಾಗಿಯೇ ಇಲ್ಲ. ಐದನೇ ತರಗತಿಯ ಭಾಗಾಕಾರ ಸಾಕು.

ಎರಡನೆಯದು ನನಗೆ ನಿಜವಾಗಿ ನೋವು ಕೊಡುವ ವಿಷಯ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟರು. ಜನ ಸಾಲುಗಟ್ಟಿ ಕಟ್ಟಿದರು. ಆಮೇಲೂ ಕೊಟ್ಟರು, 2025ರ ಆಗಸ್ಟ್‌–ಸೆಪ್ಟೆಂಬರ್‌ನಲ್ಲಿ ಮತ್ತೆ ಕೊಟ್ಟರು. ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ನಂಬರ್ ಓದುವ 250 ಕ್ಯಾಮೆರಾ, ಕೆಂಪು ದೀಪ ದಾಟಿದವರನ್ನು ಹಿಡಿಯುವ 80 ಕ್ಯಾಮೆರಾ ಕೂರಿಸಿದ ಸರ್ಕಾರವೇ ಹೀಗೆ ಮಾಡಿದರೆ ಜನ ಏನು ಕಲಿಯುತ್ತಾರೆ? ಚಲನ್ ಬಂದರೆ ಇಟ್ಟುಕೊಂಡಿರು, ಮುಂದಿನ ರಿಯಾಯಿತಿಗೆ ಕಾಯಿ ಎಂದು. ಅಂದಂದೇ ಕಟ್ಟಿದ ನಿಮ್ಮಂಥವರಿಗೆ ಇದು ಅನ್ಯಾಯ. ನಿಮ್ಮ ಭಾವನವರ "ವಸೂಲಿ" ಎಂಬ ಮಾತಿಗೆ ಬಲ ಬಂದದ್ದೂ ಇಲ್ಲಿಂದಲೇ.

ಸ್ಟುಟ್‌ಗಾರ್ಟ್ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಊರು ಅರಸೀಕೆರೆ, ಹನ್ನೊಂದು ವರ್ಷದಿಂದ ಇಲ್ಲಿ ಕಾರು ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯ ಮೇಲೆ ಕೆಲಸ ಮಾಡ್ತಿದ್ದೇನೆ. ನಮ್ಮ ತಂಡದ ಅರ್ಧ ಜನ ಬೆಂಗಳೂರಲ್ಲೇ ಇದ್ದಾರೆ. ಯುರೋಪಿನ ರಸ್ತೆಗೆ ಬರೋ ಈ ತಂತ್ರಾಂಶದ ಎಷ್ಟೋ ಭಾಗ ಬರೆಯೋದು ನಮ್ಮವರೇ.

ಮೇಷ್ಟ್ರ ಲೆಕ್ಕಕ್ಕೆ ನನ್ನದೊಂದು ಸೇರಿಸ್ತೀನಿ. 100ರಲ್ಲಿ ಹೋಗೋ ಕಾರು ಸೆಕೆಂಡಿಗೆ 28 ಮೀಟರ್ ಓಡುತ್ತೆ. ಮುಂದೆ ಏನೋ ಕಂಡು ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 42 ಮೀಟರ್ ಹೋಯ್ತು. ಒಣ ರಸ್ತೆಯಲ್ಲಿ ನಿಲ್ಲೋಕೆ ಇನ್ನೂ 55 ಮೀಟರ್ ಚಿಲ್ಲರೆ. ಒಟ್ಟು ಸುಮಾರು 98. ಅದೇ ಜಾಗದಲ್ಲಿ ಅದನ್ನೇ ಕಂಡು, ಅದೇ ಒಂದೂವರೆ ಸೆಕೆಂಡಿಗೆ ಬ್ರೇಕ್ ಹಾಕಿದ ಇನ್ನೊಂದು ಕಾರು 120ರಲ್ಲಿತ್ತು ಅಂದುಕೊಳ್ಳಿ. ಮೊದಲನೇದು ನಿಂತ ಜಾಗಕ್ಕೆ ಬಂದಾಗ ಎರಡನೇದರ ವೇಗ ಇನ್ನೂ 75ರ ಮೇಲಿರುತ್ತೆ. ಒಂದರಲ್ಲಿ ಏನೂ ಆಗಲಿಲ್ಲ, ಇನ್ನೊಂದರಲ್ಲಿ ಹೆಣ ಬಿತ್ತು. ವ್ಯತ್ಯಾಸ ಬರೀ 20 ಕಿ.ಮೀ.

ತಾನಾಗಿ ಬ್ರೇಕ್ ಹಾಕೋ ವ್ಯವಸ್ಥೆ ಉಳಿಸೋದು ಆ ಒಂದೂವರೆ ಸೆಕೆಂಡನ್ನ. ಮುಂದಿನ ಬಂಪರಿನೊಳಗಿನ ರಾಡಾರ್ ದೂರ, ವೇಗ ಅಳೆಯುತ್ತೆ. ಗಾಜಿನ ಹಿಂದಿನ ಕ್ಯಾಮೆರಾ ಅದು ಲಾರಿಯೋ ಮನುಷ್ಯನೋ ಅಂತ ಗುರುತಿಸುತ್ತೆ. ಎರಡೂ ಒಪ್ಪಿದರೆ ಬ್ರೇಕ್. 2024ರ ಜುಲೈನಿಂದ ಐರೋಪ್ಯ ಒಕ್ಕೂಟದಲ್ಲಿ ಮಾರಾಟ ಆಗೋ ಪ್ರತಿ ಹೊಸ ಕಾರಲ್ಲೂ ಇದು ಕಡ್ಡಾಯ. ರಸ್ತೆಯ ವೇಗಮಿತಿ ಓದಿ ಎಚ್ಚರಿಸೋ ವ್ಯವಸ್ಥೆ, ಚಾಲಕ ತೂಕಡಿಸಿದರೆ ಎಚ್ಚರಿಸೋ ವ್ಯವಸ್ಥೆಯೂ ಕಡ್ಡಾಯ. ಅಪಘಾತ ಆದ ಕೂಡಲೇ ಕಾರೇ ತುರ್ತು ಸಂಖ್ಯೆಗೆ ಕರೆ ಮಾಡಿ ಜಾಗ ತಿಳಿಸೋದು 2018ರಿಂದಲೇ ಇದೆ.

ನಮ್ಮ ದೇಶದಲ್ಲಿ ತಾನಾಗಿ ಬ್ರೇಕ್ ಹಾಕೋ ವ್ಯವಸ್ಥೆ ಇರೋದು ಹೆಚ್ಚಾಗಿ ಮೇಲಿನ ಬೆಲೆಯ ಕಾರುಗಳಲ್ಲಿ. ಅಲ್ಲೂ ಎಷ್ಟೋ ಜನ ಆಫ್ ಮಾಡಿ ಓಡಿಸ್ತಾರೆ, ಪಕ್ಕದಿಂದ ಬೈಕು ನುಗ್ಗಿದಾಗೆಲ್ಲ ಬ್ರೇಕ್ ಬೀಳುತ್ತೆ ಅಂತ. ಅವರ ಮೇಲೆ ನನಗೆ ಸಿಟ್ಟಿಲ್ಲ. ಜರ್ಮನಿಯ ರಸ್ತೆ ನೋಡಿ ಕಲಿತ ಯಂತ್ರಕ್ಕೆ ಸಂಜೆ ಆರೂವರೆಗೆ ಹಿಂದೀಪ ಇಲ್ಲದೆ ಹೋಗೋ ಕಬ್ಬಿನ ಟ್ರ್ಯಾಕ್ಟರ್ ಏನಂತ ಗೊತ್ತಾಗಬೇಕು? ಅದನ್ನು ಕಲಿಸೋ ಕೆಲಸ ನಮ್ಮಂಥವರ ಮೇಲಿದೆ. ಅಲ್ಲೀತನಕ ಟ್ರ್ಯಾಕ್ಟರ್ ಹಿಂದೆ ರೇಡಿಯಂ ಪಟ್ಟಿ ಅಂಟಿಸೋದು ನನ್ನ ರಾಡಾರ್‌ಗಿಂತ ಹೆಚ್ಚು ಜೀವ ಉಳಿಸುತ್ತೆ.

ಹಿರಿಯೂರು ಲಾರಿ:
ಮಾತಾಡಬೌದಾ ಸಾರ್. 22 ವರ್ಷದಿಂದ ಸ್ಟೇರಿಂಗ್ ಹಿಡಿದಿದೀನಿ. ಎಲ್ಲಾರೂ ಕಾರಿನ ಬಗ್ಗೆ ಹೇಳ್ತಿದೀರ, ನಮ್ಮ ಗಾಡಿ ಬಗ್ಗೆ ನಾನು ಹೇಳ್ತೀನಿ.

ಹೋದ ವರ್ಷ ನಮ್ಮ ಓನರು ಕ್ಯಾಬಿನ್ನಲ್ಲಿ ಒಂದು ಕ್ಯಾಮೆರಾ ಹಾಕ್ಸಿದ್ರು. ರಸ್ತೆ ನೋಡೋದಲ್ಲ, ನನ್ನ ಮುಖ ನೋಡೋದು. ಕಣ್ಣು ಮುಚ್ಚಿದ್ರೆ ಕೂಗುತ್ತೆ, ಫೋನ್ ಎತ್ತಿದ್ರೆ ಕೂಗುತ್ತೆ. ಮೊದಲ ವಾರ ನನಗೆ ಅವಮಾನ ಆದಂಗಾಯ್ತು. ಇಷ್ಟು ವರ್ಷ ಓಡ್ಸಿರೋನ ಮೇಲೆ ನಂಬಿಕೆ ಇಲ್ವಾ ಅಂತ ಅದರ ಮೇಲೆ ಬಟ್ಟೆ ಹಾಕಿದ್ದೆ. ಕ್ಲೀನರ್ ಹುಡುಗ ತೆಗೆದುಬಿಟ್ಟ, ಓನರ್ ಬೈತಾರೆ ಅಂತ. ಅದಾಗಿ ನಾಕು ದಿನಕ್ಕೆ ಶಿರಾ ದಾಟಿದ ಮೇಲೆ ರಾತ್ರಿ ಮೂರೂವರೆ. ಈರುಳ್ಳಿ ಲೋಡು. ಕಿವಿ ಹತ್ರ ಕೂಗ್ತು. ಕಣ್ಣು ಬಿಟ್ರೆ ಎಡಗಡೆ ಟೈರು ಬಿಳಿ ಪಟ್ಟಿ ಆಚೆ ಗಡಗಡ ಅಂತೈತೆ, ಮುಂದೆ ಸ್ವಲ್ಪ ದೂರದಲ್ಲೇ ಪಂಕ್ಚರ್ ಆಗಿ ನಿಂತಿರೋ ಟಿಪ್ಪರ್. ಎಳ್ಕೊಂಡೆ. ಗಾಡಿ ನಿಲ್ಸಿ ಕೆಳಗಿಳಿದ್ರೆ ಕಾಲು ನಿಲ್ತಿರ್ಲಿಲ್ಲ. ಆ ಟಿಪ್ಪರ್ ಹಿಂದೆ ಇಬ್ರು ಟೈರ್ ಬಿಚ್ತಾ ಕೂತಿದ್ರು. ಅವರಿಗೆ ಗೊತ್ತೂ ಆಗ್ಲಿಲ್ಲ.

ಆ ಯಂತ್ರ ಬೇಡ ಅಂತ ಇನ್ನು ಹೇಳಲ್ಲ. ಆದ್ರೆ ಅದು ನಿದ್ದೆ ಬಂತು ಅಂತ ಹೇಳುತ್ತೆ, ನಿದ್ದೆ ಕೊಡಲ್ಲ. ಕೂಗಿದ ಮೇಲೆ ಎಲ್ಲಿ ನಿಲ್ಸಲಿ? ಹೆದ್ದಾರಿ ಪಕ್ಕ ನಿಲ್ಸಿದ್ರೆ ಡೀಸೆಲ್ ಕದೀತಾರೆ, ಹಿಂದಿಂದ ಬಂದು ಗುದ್ತಾರೆ. ಬೆಳಿಗ್ಗೆ ಆರಕ್ಕೆ ಯಶವಂತಪುರ ಯಾರ್ಡಲ್ಲಿ ಇರ್ಬೇಕು, ತಡ ಆದ್ರೆ ಬಾಡಿಗೆಲಿ ಹಿಡೀತಾರೆ. ನಮ್ಮ ಕಾನೂನಲ್ಲಿ ಡ್ರೈವರಿಗೆ ದಿನಕ್ಕೆ ಎಂಟು ಗಂಟೆ ಅಂತ 1961ರಿಂದಲೇ ಇದೆಯಂತೆ. ನಾನು ನೋಡಿಲ್ಲ ಅದನ್ನ. ಹದಿನಾರು ಗಂಟೆ ಓಡ್ಸಿದೀನಿ.

ಸ್ಟುಟ್‌ಗಾರ್ಟ್ ಕನ್ನಡಿಗ:
ಅಣ್ಣ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಇಲ್ಲಿನ ಲಾರಿಗಳಲ್ಲಿ ಟ್ಯಾಕೋಗ್ರಾಫ್ ಅಂತ ಒಂದು ಪೆಟ್ಟಿಗೆ ಇರುತ್ತೆ. ಚಾಲಕ ತನ್ನ ಕಾರ್ಡ್ ಹಾಕಿ ಓಡಿಸಬೇಕು, ಎಷ್ಟು ಹೊತ್ತು ಓಡಿಸಿದ ಅಂತ ಅದು ಲೆಕ್ಕ ಇಡುತ್ತೆ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿಶ್ರಾಂತಿ ಆಗಲೇಬೇಕು. ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಹೆಚ್ಚು ಓಡಿಸೋ ಹಾಗಿಲ್ಲ. ಪೊಲೀಸರು ದಾರಿಯಲ್ಲಿ ತಡೆದು ಪೆಟ್ಟಿಗೆ ಓದ್ತಾರೆ. ಮೀರಿದ್ದರೆ ಚಾಲಕನಿಗಷ್ಟೇ ಅಲ್ಲ, ಮಾಲೀಕನ ಕಂಪನಿಗೂ ದಂಡ. ಭಾನುವಾರ ಹೆದ್ದಾರಿ ಬದಿಯ ತಂಗುದಾಣಗಳಲ್ಲಿ ಲಾರಿಗಳು ಸಾಲಾಗಿ ನಿಂತಿರೋದು ಕಾಣುತ್ತೆ, ಚಾಲಕರು ಹೊರಗೆ ಕುರ್ಚಿ ಹಾಕಿಕೊಂಡು ಅಡುಗೆ ಮಾಡ್ಕೊಳ್ತಿರ್ತಾರೆ.

ಇಷ್ಟೆಲ್ಲ ವಿದ್ಯೆ ನಮ್ಮಲ್ಲಿ ಇಲ್ಲದ್ದೇನಲ್ಲ. ನಿಮ್ಮ ಓನರ್ ಮೊಬೈಲಿನಲ್ಲಿ ಗಾಡಿ ಎಲ್ಲಿದೆ, ಎಷ್ಟು ವೇಗ ಅಂತ ಈಗಲೇ ಕಾಣುತ್ತಲ್ವಾ?

ಹಿರಿಯೂರು ಲಾರಿ:
ಕಾಣುತ್ತೆ. ಎಲ್ಲಾದ್ರೂ ಹತ್ತು ನಿಮಿಷ ನಿಲ್ಸಿದ್ರೆ ಫೋನ್ ಬರುತ್ತೆ, ಯಾಕೆ ನಿಂತೆ ಅಂತ. ಹದಿನಾಲ್ಕು ಗಂಟೆ ನಿಲ್ಲದೆ ಓಡ್ಸಿದ್ರೆ ಯಾಕೆ ನಿಂತಿಲ್ಲ ಅಂತ ಯಾರೂ ಫೋನ್ ಮಾಡಲ್ಲ.

ಲೆಕ್ಕದ ಮೇಷ್ಟ್ರು:
ಈ ಚರ್ಚೆಯಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಬಂದಿಲ್ಲ. ಅದೇ ಜಿಪಿಎಸ್, ಅದೇ ಮಾಹಿತಿ. ಅದನ್ನು ಕೇಳುವವರು ಯಾರು ಎಂಬುದರ ಮೇಲೆ ಅದು ಕಾಪಾಡುತ್ತದೋ ಕೊಲ್ಲುತ್ತದೋ ನಿರ್ಧಾರವಾಗುತ್ತದೆ. ಕೇಂದ್ರ ಸಾರಿಗೆ ಸಚಿವಾಲಯ 2025ರಲ್ಲಿ ದೊಡ್ಡ ಬಸ್ಸು, ಲಾರಿಗಳಿಗೆ ತಾನಾಗಿ ಬ್ರೇಕ್ ಹಾಕುವ, ತೂಕಡಿಕೆ ಎಚ್ಚರಿಸುವ, ಲೇನ್ ತಪ್ಪಿದರೆ ತಿಳಿಸುವ ವ್ಯವಸ್ಥೆ ಕಡ್ಡಾಯ ಮಾಡುವ ಕರಡು ಹೊರಡಿಸಿತು. ಒಳ್ಳೆಯದು. ಅದರ ಜೊತೆಗೇ ಎಷ್ಟು ಗಂಟೆ ಓಡಿಸಿದ ಎಂಬ ದಾಖಲೆಯೂ ಕಡ್ಡಾಯವಾಗಿ, ಅದು ಆರ್‌ಟಿಒಗೆ ಹೋಗಬೇಕು, ಮಾಲೀಕ ಉತ್ತರ ಕೊಡಬೇಕು.

2024ರ ಡಿಸೆಂಬರ್‌ನಲ್ಲಿ ನೆಲಮಂಗಲದ ಹತ್ತಿರ ಕಂಟೇನರ್ ಲಾರಿ ಡಿವೈಡರ್ ದಾಟಿ ಬಂದು ಕಾರಿನ ಮೇಲೆ ಮಗುಚಿ ಒಂದೇ ಕುಟುಂಬದ ಆರು ಜನ ಹೋದರು. ಆ ಕಾರು ಜಗತ್ತಿನ ಅತಿ ಸುರಕ್ಷಿತ ಕಾರುಗಳ ಪಟ್ಟಿಯಲ್ಲಿ ಇರುವಂಥದ್ದು. ನಾವು ಎಂಥ ಕಾರು ಕೊಂಡರೂ ಎದುರಿನ ಲಾರಿ ನಿಲ್ಲದಿದ್ದರೆ ಪ್ರಯೋಜನವಿಲ್ಲ ಎಂದು ಅಂದು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಹಿರಿಯೂರು ಲಾರಿ:
ಆ ಸುದ್ದಿ ನಾನೂ ನೋಡಿದೆ. ಮುಂದಿನ ಕಾರು ಬ್ರೇಕ್ ಹಾಕ್ತು, ತಪ್ಸಕ್ಕೋಗಿ ಎಳ್ಕೊಂಡ ಅಂತ ಹೇಳಿದ್ರು. ಲೋಡ್ ಗಾಡಿ ಕಾರಿನಂಗೆ ನಿಲ್ಲಲ್ಲ ಮೇಷ್ಟ್ರೇ. ಮುಂದೆ ಜಾಗ ಬಿಟ್ಕೊಂಡು ಹೋದ್ರೆ ಆ ಜಾಗಕ್ಕೇ ಕಾರಿನೋರು ನುಗ್ತಾರೆ. ದಯವಿಟ್ಟು ನುಗ್ಗಬೇಡಿ. ಅದು ಖಾಲಿ ಜಾಗ ಅಲ್ಲ, ನಮ್ಮ ಬ್ರೇಕು ಅದು.

ತುರ್ತು ವಿಭಾಗ:
ನಾನು ಜಿಲ್ಲಾಸ್ಪತ್ರೆಯೊಂದರಲ್ಲಿ ನರ್ಸ್. ನೈಟ್ ಡ್ಯೂಟಿ ಮುಗಿಸಿ ಓದ್ತಾ ಕೂತೆ, ಸುಮ್ಮನಿರೋಕಾಗಲಿಲ್ಲ.

ನೀವು ಕಾರು, ಲಾರಿ ಅಂತಿದ್ದೀರಿ. ನಮ್ಮ ಸ್ಟ್ರೆಚರ್ ಮೇಲೆ ಬರೋರು ಬೈಕಿನವರು, ನಡೆದು ಹೋಗ್ತಿದ್ದವರು. ಕೇಂದ್ರದ ವರದಿಯಲ್ಲೇ ಇದೆ: 2022ರಲ್ಲಿ ದೇಶದಲ್ಲಿ ಸತ್ತವರು 1,68,491. ಅದರಲ್ಲಿ ದ್ವಿಚಕ್ರದವರು ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು, ಪಾದಚಾರಿಗಳು ಹತ್ತೊಂಬತ್ತಕ್ಕೂ ಹೆಚ್ಚು. ಏರ್‌ಬ್ಯಾಗ್ ಇವರಲ್ಲಿ ಯಾರಿಗೂ ಇಲ್ಲ.

ಬೈಕಿನವರಿಗೆ ಬೇಕಾದ ತಂತ್ರಜ್ಞಾನ ಎರಡೇ. ಒಂದು ಹೆಲ್ಮೆಟ್, ಅದೂ ಗದ್ದದ ಪಟ್ಟಿ ಹಾಕಿರಬೇಕು. ರೋಗಿ ಜೊತೆ ಹೆಲ್ಮೆಟ್ಟನ್ನೂ ತಂದು ಕೊಡ್ತಾರೆ, ಒಂದು ಗೀರೂ ಇರಲ್ಲ. ಬಿದ್ದಾಗ ತಲೆಗಿಂತ ಮೊದಲು ಅದೇ ಹಾರಿಹೋಗಿರುತ್ತೆ. ಎರಡನೇದು ಎಬಿಎಸ್. ಬ್ರೇಕ್ ಜೋರಾಗಿ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದ ಹಾಗೆ ಸೆಕೆಂಡಿಗೆ ಎಷ್ಟೋ ಸಲ ಬಿಟ್ಟು ಹಿಡಿಯೋ ವ್ಯವಸ್ಥೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಬೈಕಿಗೆ ಮಾತ್ರ ಕಡ್ಡಾಯ ಆಯ್ತು. ನಮ್ಮಲ್ಲಿ ಓಡೋದು ಹೆಚ್ಚಾಗಿ 100, 110ರ ಗಾಡಿಗಳು. ಎಲ್ಲ ದ್ವಿಚಕ್ರಕ್ಕೂ ಕಡ್ಡಾಯ ಮಾಡೋ ಕರಡು 2025ರಲ್ಲಿ ಬಂತು, ಬೆಲೆ ಏರುತ್ತೆ ಅಂತ ಕೂಗೂ ಎದ್ದಿತು. ಏರಲಿ. ತಲೆಗೆ ಪೆಟ್ಟಾದವರ ಐಸಿಯು ಬಿಲ್ ನಾನು ನೋಡ್ತೀನಿ, ಕೆಲವು ಸಾವಿರದ ಲೆಕ್ಕ ನನ್ನ ಮುಂದೆ ಹೇಳಬೇಡಿ.

ಸುಗ್ಗಿ ಬಂದರೆ ಇನ್ನೊಂದು. ಡಾಂಬರಿನ ಮೇಲೆ ರಾಗಿ ತೆನೆ, ಹುರುಳಿ ಹರಡಿ ಒಕ್ಕಣೆ ಮಾಡ್ತಾರೆ. ಆ ಹುಲ್ಲಿನ ಮೇಲೆ ಬ್ರೇಕ್ ಹಿಡಿದ ಬೈಕು ಹಾಗೇ ಮಲಗುತ್ತೆ. ಕಳೆದ ಜನವರಿಯಲ್ಲಿ ಒಂದೇ ಸಂಜೆ ಇಬ್ಬರು ಬಂದರು, ಅಂಗಿ ಕತ್ತರಿಸುವಾಗ ಒಳಗಿಂದ ರಾಗಿ ಕಾಳು ಉದುರಿತು. ಒಬ್ಬನಿಗೆ ಹತ್ತೊಂಬತ್ತು ವರ್ಷ. ಅವನು ಉಳಿದ. ಎಬಿಎಸ್ ಇದ್ದರೂ ಹುಲ್ಲಿನ ಮೇಲೆ ಬೇಗ ನಿಲ್ಲಲ್ಲ, ಚಕ್ರ ಕಚ್ಚಿಕೊಳ್ಳದಿದ್ದರೆ ಹ್ಯಾಂಡಲ್ ಆದರೂ ಕೈಯಲ್ಲಿರುತ್ತೆ. ಪಂಚಾಯಿತಿಗೊಂದು ಕಣ ಕಟ್ಟಿಸಿಕೊಟ್ಟರೆ ಅದೂ ರಸ್ತೆ ಸುರಕ್ಷತೆಯೇ.

ಹಾಲಿನ ಕ್ಯಾನು:
ನಾನು ಮದ್ದೂರಿಂದ ಮಂಡ್ಯ ಕಡೆ ಬರೋವಾಗ ಸಿಗೋ ಒಂದು ಊರೋಳು ಕಣಣ್ಣ. ಮಗ ಮೊಬೈಲಲ್ಲಿ ಇದನ್ನ ಓದಿ ಹೇಳ್ದ, ನಾನು ಹೇಳಿದ್ದ ಅವನೇ ಬರೀತಾವ್ನೆ.

ಮೇಲಿನ ರಸ್ತೆಲಿ ಸಾವು ಕಮ್ಮಿ ಆಗದೆ ಅಂತೀರಿ, ಸಂತೋಸ. ಕೆಳಗಿನ ಸರ್ವಿಸ್ ರಸ್ತೆ ಯಾರೂ ನೋಡಾಕಿಲ್ಲ. ಬೈಕು, ಆಟೋ, ಟ್ರ್ಯಾಕ್ಟರ್ ಎಲ್ಲಾನೂ ಅಲ್ಲಿಗೇ ಇಳ್ಸವ್ರೆ. ಟೋಲ್ ಉಳ್ಸಕ್ಕೆ ಕಾರೂ ಬತ್ತವೆ. ಎದುರುಬದುರು ಓಡಾಡ್ತವೆ. ಅಲ್ಲೊಂದು ಕ್ಯಾಮೆರಾ ಇಲ್ಲ, ಲೈಟಿಲ್ಲ. ನಮ್ಮ ಮನೆ ಈ ಕಡೆ, ಹಾಲಿನ ಡೇರಿ ಆ ಕಡೆ. ಬೆಳಗಿನ ಜಾವ ಆರಕ್ಕೆ ಮೊದ್ಲು ಹಾಲು ಹಾಕ್ಬೇಕು. ಚಳಿಗಾಲದಾಗೆ ಮಂಜು, ಎದುರಿಗಿರೋರು ಕಾಣಾಕಿಲ್ಲ.

ದಾಟಕ್ಕೆ ಮೆಟ್ಲು ಸೇತುವೆ ಕಟ್ತೀವಿ ಅಂತಾರೆ. ನಮ್ಮತ್ತೆಗೆ ಮಂಡಿ ನೋವು, ತಲೆ ಮೇಲೆ ಹುಲ್ಲಿನ ಹೊರೆ. ಅಷ್ಟು ಮೆಟ್ಲು ಹತ್ತೀಯಾ ಅಂದ್ರೆ ಬೇಲಿ ಸಂದೀಲೆ ನುಗ್ತೀನಿ ಅಂತದೆ ಮುದುಕಿ. ಮೆಟ್ಲು ಜೊತೆಗೆ ಇಳಿಜಾರು ಮಾಡ್ಲಿ, ಇಲ್ಲಾಂದ್ರೆ ಕೆಳಗಿನಿಂದ ದಾರಿ ಕೊಡ್ಲಿ.

ಆ ಜರ್ಮನಿ ಅಣ್ಣ ಹೇಳಿದ್ರಲ್ಲ, ಮನುಸ್ರನ್ನ ಗುರುತಿಸೋ ಯಂತ್ರ ಅಂತ. ಕತ್ತಲಲ್ಲಿ ಸೀರೆ ಉಟ್ಕೊಂಡು ಹೊರೆ ಹೊತ್ತಿರೋಳ್ನ ಗುರುತಿಸ್ತದಾ ಅಣ್ಣ ಅದು?

ಸ್ಟುಟ್‌ಗಾರ್ಟ್ ಕನ್ನಡಿಗ:
ಅಕ್ಕ, ನಿಮಗೆ ಸುಳ್ಳು ಹೇಳಲ್ಲ. ಬೆಳಕಿದ್ದಾಗ ಗುರುತಿಸುತ್ತೆ. ಕತ್ತಲಲ್ಲಿ ಅದರ ಕೆಲಸ ತುಂಬಾ ಕುಂದುತ್ತೆ, ಹೊರೆ ಹೊತ್ತವರ ಆಕಾರ ಅದಕ್ಕೆ ಗೊಂದಲ ಮಾಡಬಹುದು. ಆ ಜಾಗಕ್ಕೆ ಬೀದಿದೀಪ ಬಂದರೆ ಯಂತ್ರಕ್ಕೂ ಕಾಣ್ತೀರಿ, ಯಂತ್ರ ಇಲ್ಲದ ಬೈಕಿನವನಿಗೂ ಕಾಣ್ತೀರಿ. ನೀವು ಕೇಳಿದ ಪ್ರಶ್ನೆಯನ್ನು ನಾಳೆ ಬೆಂಗಳೂರಿನ ನಮ್ಮ ತಂಡದ ಮುಂದೆ ಇಡ್ತೀನಿ. ಸೀರೆ, ಹೊರೆ, ಬಿಂದಿಗೆ, ಎತ್ತಿನ ಗಾಡಿ ಇರೋ ಚಿತ್ರಗಳು ನಮ್ಮ ಕಲಿಕೆಯ ರಾಶಿಯಲ್ಲಿ ಸಾಕಷ್ಟಿಲ್ಲ ಅಂತ ನನಗೆ ಗೊತ್ತು.

ಮಂಡ್ಯ ಓಡಾಟ:
ಅಕ್ಕ, ನಿಮ್ಮೂರಿನ ಮೇಲೆ ದಿನಾ ಹಾದು ಹೋಗ್ತೀನಿ, ಕೆಳಗೆ ಇಳಿದು ನೋಡಿರಲಿಲ್ಲ. ಬರೀ ಕ್ಯಾಮೆರಾ ಅಂತ ನಾನು ಶುರುಮಾಡಿದ್ದು ಸಾಲದು ಅಂತ ಈಗ ಅನ್ನಿಸ್ತಿದೆ. ಆದರೆ ಕ್ಯಾಮೆರಾ ಬೇಡ ಅಂತಲೂ ಹೇಳಲ್ಲ. ಸರ್ವಿಸ್ ರಸ್ತೆಗೂ ವೇಗದ ಕ್ಯಾಮೆರಾ ಬರಲಿ, ಅದರ ಜೊತೆಗೆ ದೀಪ, ಎತ್ತರಿಸಿದ ದಾಟುದಾರಿ.

ಪ್ರತಿ ಜಿಲ್ಲೆಯಲ್ಲೂ ಡಿಸಿ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ಇರುತ್ತೆ. ಅಲ್ಲಿಗೊಂದು ಅರ್ಜಿ ಕೊಡೋಣ. ಮೇಷ್ಟ್ರೇ, ಬರೆಯೋಕೆ ಸಹಾಯ ಮಾಡ್ತೀರಾ? ಫೋಟೋ, ವೀಡಿಯೊ ನಾನು ತರ್ತೀನಿ.

ಲೆಕ್ಕದ ಮೇಷ್ಟ್ರು:
ಖಂಡಿತ. ಸರ್ವಿಸ್ ರಸ್ತೆಯ ಅಪಘಾತಗಳ ಲೆಕ್ಕವನ್ನು ಬೇರೆಯಾಗಿ ಕೊಡಿ ಎಂದು ಮೊದಲ ಸಾಲಿನಲ್ಲೇ ಕೇಳೋಣ. ಒಂದು ಗಂಟೆಯಲ್ಲಿ ಎಷ್ಟು ಜನ ದಾಟುತ್ತಾರೆ ಎಂದು ಎಣಿಸಿ ತನ್ನಿ. ಎಣಿಕೆ ಇಲ್ಲದ ಅರ್ಜಿಯನ್ನು ಪಕ್ಕಕ್ಕಿಡುವುದು ಸುಲಭ. ಲಾರಿ ನಿಲುಗಡೆ ಜಾಗದ ಬಗ್ಗೆ ಹಿರಿಯೂರಿನವರು ಹೇಳಿದ್ದನ್ನು ಚಿತ್ರದುರ್ಗದ ಸಮಿತಿಗೆ ಇನ್ನೊಂದು ಅರ್ಜಿಯಾಗಿ ಬರೆಯುತ್ತೇನೆ.

ಹಿರಿಯೂರು ಲಾರಿ:
ಬರೀರಿ ಮೇಷ್ಟ್ರೇ. ನಮ್ಮ ಕಡೆ ಡ್ರೈವರ್‌ಗಳ ಸಹಿ ಎಷ್ಟು ಬೇಕೋ ಅಷ್ಟು ಮಾಡ್ಸಿ ಕೊಡ್ತೀನಿ.

ಹಾಲಿನ ಕ್ಯಾನು:
ಎಣ್ಸಕ್ಕೆ ಬರೋದಾದ್ರೆ ಹತ್ತು ಗಂಟೆಗೆ ಬರಬ್ಯಾಡಿ ಅಣ್ಣ, ಆವಾಗ ಯಾರೂ ಇರಾಕಿಲ್ಲ. ಐದೂವರೆಗೆ ಬನ್ನಿ, ಡೇರಿ ಬಾಗ್ಲು ತೆಗೆಯೋ ಹೊತ್ತು. ನಮ್ಮನೆ ಮುಂದೆ ಕಾರ್ ನಿಲ್ಸಿ, ಕಾಫಿ ಕುಡ್ಕೊಂಡು ನಂಜೊತೇಲೆ ದಾಟಿ ಬರೀರಂತೆ.